ಕಾರ್ಡಿಗೊಂದು ವಿಳಾಸ

ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದ ಅಲೆನ್-ಬ್ರಾಡ್ಲಿ ಈಥರ್ನೆಟ್ ಕಾರ್ಡಿಗೆ ತಾನಾರು ಎಂಬುದೇ ಗೊತ್ತಿರುವುದಿಲ್ಲ. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ರ‍್ಯಾಕಿಗೆ ತುರುಕಿ ಕರೆಂಟು ಕೊಟ್ಟರೆ, ಮುಂಭಾಗದ ಪುಟ್ಟ ಡಿಸ್‌ಪ್ಲೇಯಲ್ಲಿ ತನ್ನ ಮ್ಯಾಕ್ ನಂಬರು ಹರಿಸುತ್ತ, 'ಯಾರಾದರೂ ಒಂದು ಐಪಿ ವಿಳಾಸ ಕೊಡ್ರಪ್ಪಾ' ಎಂದು ನೆಟ್‌ವರ್ಕಿನ ತುಂಬ ಕೂಗಿಕೊಳ್ಳುತ್ತದೆ. ಈ ಕೂಗಿಗೆ ಬೂಟ್‌ಪಿ ಎಂದು ಹೆಸರು. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಇದರ ನಿಯಮ ಬರೆದದ್ದು ಡಿಸ್ಕೇ ಇಲ್ಲದ ಬಡ ಕಂಪ್ಯೂಟರುಗಳಿಗಾಗಿ. ಆಫೀಸುಗಳು ಅದನ್ನು ಬಿಟ್ಟು, ವಿಳಾಸಗಳನ್ನು ತಾನೇ ಹಂಚುವ ಡಿಎಚ್‌ಸಿಪಿ ಹಿಡಿದು ಎಷ್ಟೋ ಕಾಲವಾಯಿತು. ಕಾರ್ಖಾನೆ ಬಿಡಲಿಲ್ಲ. ಹಳೆಯದರ ಮೇಲೆ ಪ್ರೀತಿ ಅಂತೇನಲ್ಲ, ಓಡುತ್ತಿರುವುದನ್ನು ಮುಟ್ಟಲು ಭಯ ಅಷ್ಟೆ.

ಕೂಗಿಗೆ ಓಗೊಡುವ ಸಾಫ್ಟ್‌ವೇರ್ ಲ್ಯಾಪ್‌ಟಾಪಿನಲ್ಲಿರುತ್ತದೆ. ಮ್ಯಾಕ್ ನಂಬರಿನ ಮೇಲೆ ಡಬಲ್ ಕ್ಲಿಕ್ ಮಾಡಿ ಐಪಿ ಬರೆದರೆ ಕಾರ್ಡು ತೆಪ್ಪಗಾಗುತ್ತದೆ. ಹೊಸಬರು ಇಲ್ಲಿಗೇ ಟೀ ಕುಡಿಯಲು ಎದ್ದುಬಿಡುತ್ತಾರೆ. ಆದರೆ 'ಡಿಸೇಬಲ್ ಬೂಟ್‌ಪಿ' ಎಂಬ ಇನ್ನೊಂದು ಗುಂಡಿಯಿದೆ. ಅದನ್ನು ಒತ್ತದಿದ್ದರೂ ಆ ದಿನ ಎಲ್ಲವೂ ಸುಸೂತ್ರ. ಮುಂದೆಂದೋ ರಾತ್ರಿ ಪಾಳಿಯಲ್ಲಿ ಕರೆಂಟು ಹೋಗಿ ಬಂದಾಗ, ಕಾರ್ಡು ತನಗೆ ಕೊಟ್ಟ ವಿಳಾಸವನ್ನೆಲ್ಲ ಮರೆತು ಮತ್ತೆ ಕೂಗಲು ಶುರು. ಉತ್ತರ ಕೊಡಬೇಕಾದ ಲ್ಯಾಪ್‌ಟಾಪು ಯಾರದೋ ಮನೆಯ ಮಂಚದಡಿ ಚಾರ್ಜಿಗಿರುತ್ತದೆ. ನಮ್ಮ ಕರೆಂಟಿನ ಗುಣ ಬಲ್ಲವರು ಆ ಗುಂಡಿಯನ್ನು ಮರೆಯುವುದಿಲ್ಲ.

ನನಗೆ ಹಿಡಿಸುವುದು ಇನ್ನೊಂದು ದಾರಿ. ಹಲವು ಕಾರ್ಡುಗಳ ನೆತ್ತಿಯ ಮೇಲೆ ಮೂರು ಪುಟಾಣಿ ಚಕ್ರಗಳಿವೆ. ಕಾರ್ಡನ್ನು ಹೊರಗೆಳೆದು, ಸಣ್ಣ ಸ್ಕ್ರೂಡ್ರೈವರಿನಿಂದ 0, 2, 5 ಎಂದು ತಿರುಗಿಸಿ ಕೂರಿಸಿದರೆ ಅದು 192.168.1.25. ಜಾಲದ ಗಡಿ ಹೇಳುವ ಮಾಸ್ಕು 255.255.255.0 ತಾನಾಗಿಯೇ ಬರುತ್ತದೆ. 999 ಇಟ್ಟರೆ ಚಕ್ರಗಳನ್ನು ಲೆಕ್ಕಕ್ಕಿಡುವುದಿಲ್ಲ, 888 ಇಟ್ಟರೆ ಕಾರ್ಡು ಎಲ್ಲ ಮರೆತು ಮತ್ತೆ ಹಸುಗೂಸು. ಕಂಪ್ಯೂಟರ್ ಬೇಡ, ಪಾಸ್‌ವರ್ಡ್ ಬೇಡ, ಕನ್ನಡಕವೊಂದಿದ್ದರೆ ಸಾಕು.

ತೊಡಕೆಂದರೆ ಈ 192.168 ಊರಿಗೊಂದಿರುವ ಮಹಾತ್ಮ ಗಾಂಧಿ ರಸ್ತೆಯ ಹಾಗೆ. ಖಾಸಗಿ ಜಾಲಗಳು ಮನಸಾರೆ ಬಳಸಿಕೊಳ್ಳಲಿ ಎಂದು 1994ರಲ್ಲೇ ಎತ್ತಿಟ್ಟ ವಿಳಾಸಗಳಿವು. ಪೀಣ್ಯದ ಶೆಡ್ಡಿನಲ್ಲೂ ಅದೇ, ನಿಮ್ಮ ಮನೆಯ ವೈಫೈ ಡಬ್ಬಿಯಲ್ಲೂ ಬಹುಶಃ ಅದೇ. ಲ್ಯಾಪ್‌ಟಾಪಿನ ವೈಫೈ ಆರಿಸದೆ ಕೆಲಸಕ್ಕೆ ಕೂತರೆ, 'ಇದ್ದೀಯಾ?' ಎಂದು ಕೇಳುವ ಪಿಂಗಿಗೆ ಉತ್ತರ ಕೊಟ್ಟದ್ದು ಕಾರ್ಡೋ ಮ್ಯಾನೇಜರರ ಪ್ರಿಂಟರೋ ತಿಳಿಯದೆ ತಲೆ ಕೆಡುತ್ತದೆ.

ಡಿಎಚ್‌ಸಿಪಿಗೆ ಬಿಟ್ಟರೆ ತಾನೇ ಹಂಚುವುದಿಲ್ಲವೇ ಎಂದು ಐಟಿ ವಿಭಾಗದವರು ಕೇಳುತ್ತಾರೆ. ಆದರೆ ಪಿಎಲ್‌ಸಿ ಪ್ರೋಗ್ರಾಮಿನಲ್ಲಿ ಇಂಥ ಮೋಟಾರಿನ ಡ್ರೈವು ಇಂಥ ಐಪಿಯಲ್ಲಿದೆ ಎಂದು ಬರೆದಾಗಿರುತ್ತದೆ. ಅದು ಬದಲಾದರೆ ಪಿಎಲ್‌ಸಿ ಹುಡುಕುತ್ತ ಹೋಗುವುದಿಲ್ಲ, ಕನ್ವೇಯರನ್ನೇ ನಿಲ್ಲಿಸುತ್ತದೆ. ಹಾಗಾಗಿ ಇಲ್ಲಿ ಪ್ರತಿ ವಿಳಾಸಕ್ಕೂ ಮೊಳೆ ಹೊಡೆದು, ಎಕ್ಸೆಲ್ ಹಾಳೆಯೊಂದರಲ್ಲಿ ಬರೆದಿಡುತ್ತಾರೆ. ಹಾಳೆಯ ಇತ್ತೀಚಿನ ಪ್ರತಿ ಯಾರ ಬಳಿಯಿದೆ ಎಂಬುದರ ಮೇಲೆ ಮೇಂಟೆನೆನ್ಸ್ ವಿಭಾಗದ ರಾಜಕೀಯವೆಲ್ಲ ನಿಂತಿರುತ್ತದೆ. ಅಂಥ ಹಾಳೆಗಳಲ್ಲಿ ಹೆಸರಿಲ್ಲದ ಒಂದು ಸಾಲಾದರೂ ಇದ್ದೇ ಇರುತ್ತದೆ. ಪಿಂಗ್ ಮಾಡಿದರೆ ನಾಲ್ಕಕ್ಕೆ ನಾಲ್ಕೂ ಉತ್ತರ ಬರುತ್ತದೆ. ಯಾವ ಯಂತ್ರ, ಯಾವ ಪ್ಯಾನೆಲ್, ಯಾರಿಗೂ ಗೊತ್ತಿಲ್ಲ. ಮುಂದಿನ ಕಾಲಮ್ಮಿನಲ್ಲಿ ಹಿರಿಯರೊಬ್ಬರು ಕೆಂಪಕ್ಷರದಲ್ಲಿ ಬರೆದಿರುತ್ತಾರೆ: 'ಮುಟ್ಟಬೇಡಿ'.