ರಾಜಾ ಗೋವಾಕ್ಕ ಹೋಗ್ಯಾನ

(ಬೆಳಗಾವಿ ಕಡೆಯ ಹಳ್ಳಿ. ಯುಗಾದಿ ಮರುದಿನ. ಹನುಮಪ್ಪನ ಗುಡಿ ಹಿಂದೆ ಟವೆಲ್ ಮೇಲೆ ಇಸ್ಪೀಟ್ ಎಲೆ, 340 ರೂಪಾಯಿ ಚಿಲ್ಲರೆ.)

ಹವಾಲ್ದಾರ: ಏ ಬಸಪ್ಪ, ಅಂದರ್ ಬಾಹರ್ ಆಡೂದ ಸಾಕು. ಈಗ ನೀ ಅಂದರ್!

ಬಸಪ್ಪ: ಇದನ್ನ ಗೋವಾದಾಗ ಆಡಿದ್ರ ಸಲಾಂ ಹೊಡಿತಾರ. ಇಲ್ಲಿ ಕಾಲರ್ ಹಿಡಿತೀರಲ್ರೀ ಸಾಹೇಬ್ರ?

ಹವಾಲ್ದಾರ: ಅಲ್ಲಿ 1976ರ ಕಾಯ್ದೆ ತಿದ್ದಿ ಮಾಂಡವಿ ಹೊಳ್ಯಾಗ ಕ್ಯಾಸಿನೊ ತೇಲಿಸ್ಯಾರ. ನಮ್ದು 1963ರ ಪೊಲೀಸ್ ಕಾಯ್ದೆ.

ಬಸಪ್ಪ: ಪಾಪ ನೀರಾಗ ಕರಗತೈತಿ ಅನ್ರಿ. ನಾವೂ ಘಟಪ್ರಭಾದಾಗ ತೆಪ್ಪ ಬಿಡ್ತೀವಿ.

ಹವಾಲ್ದಾರ: ತೆಪ್ಪಕ್ಕ ಕೋಟಿಗಟ್ಟಲೆ ಲೈಸೆನ್ಸ್ ಫೀ ಕಟ್ಟತೀ? ಮ್ಯಾಲ 40 ಪರ್ಸೆಂಟ್ ಜಿಎಸ್‌ಟಿ!

ಬಸಪ್ಪ: ಹಂಗಾರ ಗೋವಾದ ಮಂದಿ ದಿನಾ ಆಡತಾರೇನ್ರಿ?

ಹವಾಲ್ದಾರ: 2020ರಿಂದ ಅವರಿಗೆ ಕ್ಯಾಸಿನೊ ಬಂದ್. ಊರ ಮಂದಿ ಕೆಡಬಾರದಂತ.

ಬಸಪ್ಪ: ಹೌದೌದು, ಕೆಡೂ ಪಂಕ್ತಿಯೊಳಗ ಬೀಗರಿಗೇ ಮೊದಲ ಬಡಸಬೇಕು! ನನ್ನ ಮಗ ಮೊಬೈಲಿನ್ಯಾಗ ರಮ್ಮಿ ಆಡಿ ಎತ್ತು ಮಾರಿದ, ಅದಕ್ಕೇನಂತೀರಿ?

ಹವಾಲ್ದಾರ: ನಮ್ಮ ರಾಜ್ಯ 2021ರಾಗ ನಿಷೇಧ ತಂತು, 2022ರಾಗ ಹೈಕೋರ್ಟ್ ರದ್ದು ಮಾಡ್ತು. 2025ರಾಗ ಕೇಂದ್ರ ಕಾಯ್ದೆ ಬಂತು. ರೊಕ್ಕದ ಆಟ ಆಡಿಸಿದವಗ ಮೂರು ವರ್ಷದ ತನಕ ಜೈಲು, ಕೋಟಿ ತನಕ ದಂಡ. ಆಡಿದವಗ ಶಿಕ್ಷಾ ಇಲ್ಲ.

ಬಸಪ್ಪ: ಮತ್ತ ನನ್ನ ಎತ್ತು?

ಹವಾಲ್ದಾರ: ಎತ್ತಿನ ಸುದ್ದಿ ಕಾಯ್ದೆದಾಗ ಇಲ್ಲ.

(ಹವಾಲ್ದಾರರ ಮೊಬೈಲ್ ಕುಂಯ್ ಎನ್ನುತ್ತದೆ: ‘ವೆಲ್‌ಕಮ್ ಬೋನಸ್!’)

ಬಸಪ್ಪ: ಇದೇನ್ರಿ?

ಹವಾಲ್ದಾರ: ಅದು... ಪರದೇಶದ ಸೈಟು. ನಮ್ಮ ಠಾಣೆ ಹದ್ದಿಗೆ ಬರಂಗಿಲ್ಲ. ಪಂಚನಾಮೆ ಬರಿ: ಟವೆಲ್ ಒಂದು, ಎಲಿ 51. ಒಂದು ಎಲಿ ಎಲ್ಲೈತೋ?

ಬಸಪ್ಪ: ರಾಜಾ ಗೋವಾಕ್ಕ ಹೋಗ್ಯಾನ್ರಿ ಸಾಹೇಬ್ರ. ಸಿಕ್ಕಿಬೀಳಾಕ ಗುಲಾಮರಷ್ಟೇ ಇಲ್ಲಿ ಉಳದಾರ.