ಬೇಲಿಮೀಮಾಂಸೆ: ಹುಣಸೂರು ಸೀಮೆಯ ಹಸಿರು ಬೇಲಿಗಳ ಚಲನವಲನ

ದನಕರು ನುಗ್ಗದಿರಲೆಂದು ಬೇಲಿ ಹಾಕುತ್ತಾರೆ ಎಂಬುದು ಪೂರ್ವಪಕ್ಷ. ಇದು ನಿಲ್ಲದ ಮಾತು. ಹುಣಸೂರು, ಪಿರಿಯಾಪಟ್ಟಣದ ಕಡೆ ದನ ನುಸುಳುವಷ್ಟು ಕಂಡಿ ಇಲ್ಲದ ಬೇಲಿಯೇ ಅಪರೂಪ. ಅದಕ್ಕೆ ಯಾರೂ ತಲೆ ಕೆಡಿಸಿಕೊಂಡದ್ದಿಲ್ಲ. ಬೇಲಿ ಇರುವುದು ಪಕ್ಕದ ಹೊಲದವನಿಗಾಗಿ ಎಂಬುದೇ ಸಿದ್ಧಾಂತ.

ಆನೆಯ ಮಾತು ಬೇರೆ. ನಾಗರಹೊಳೆ ಕಾಡಂಚಿಗೆ, ವೀರನಹೊಸಹಳ್ಳಿ ಕಡೆ ನೆಟ್ಟಿರುವ ರೈಲು ಕಂಬಿ, ತೋಡಿದ ಕಂದಕ, ಎಳೆದ ಸೋಲಾರ್ ತಂತಿಗಳನ್ನು ಈ ಶಾಸ್ತ್ರ ಬೇಲಿಯೆಂದು ಒಪ್ಪುವುದಿಲ್ಲ. ಆನೆ ಬೆಳೆ ತಿಂದು ಹೋದೀತು, ಬದು ಒತ್ತುವುದಿಲ್ಲ.

ಗಿಡದ ಆಯ್ಕೆಗೆ ಈ ಸೀಮೆಯಲ್ಲಿ ಬ್ಯಾರನ್ ಪರೀಕ್ಷೆ ಎಂಬುದೊಂದುಂಟು. ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಸೌದೆಯಾಗಬಲ್ಲ ಗಿಡ ಬೇಲಿಯಾಗಿ ಬಹಳ ದಿನ ಬಾಳದು. ಗ್ಲಿರಿಸಿಡಿಯ ಇಲ್ಲೇ ಸೋತಿತು: ಸೊಪ್ಪು ಮೇಕೆಗೆ, ಕೊಂಬೆ ಒಲೆಗೆ. ಬೊಂತೆಗಳ್ಳಿ ಪಾಸು. ಮೇಕೆ ಅದನ್ನು ಮೂಸುವುದಿಲ್ಲ, ಹಾಲು ಕಣ್ಣಿಗೆ ಸಿಡಿದೀತೆಂದು ಮಚ್ಚು ಹಿಡಿದವನೂ ಹಿಂದೆ ಸರಿಯುತ್ತಾನೆ. ತುಂಡು ಕಡಿದು, ಗಾಯದ ಹಾಲು ಆರುವ ತನಕ ನೆರಳಲ್ಲಿ ಬಿಟ್ಟು, ಮುಂಗಾರಿನ ಹೊತ್ತಿಗೆ ಅಡಿಗೊಂದರಂತೆ ಊರಿದರೆ ಆಯಿತು.

ಆದರೆ ಉತ್ತಮೋತ್ತಮ ಕತ್ತಾಳೆಯೇ. ಮೆಕ್ಸಿಕೋ ಕಡೆಯ ಗಿಡವಾದರೂ ನಮ್ಮ ಕಂದಾಯ ವ್ಯವಹಾರವನ್ನು ಇಷ್ಟು ಚೆನ್ನಾಗಿ ಅರಿತದ್ದು ಇನ್ನೊಂದಿಲ್ಲ. ಬುಡದಲ್ಲಿ ಮರಿ ಹಾಕುತ್ತದೆ. ನೆಟ್ಟವನು ತನ್ನ ಕಡೆಯ ಮರಿಗಳನ್ನು ಶ್ರದ್ಧೆಯಿಂದ ಕಿತ್ತು, ಆಚೆ ಕಡೆಯವನ್ನು ದೇವರಿಗೆ ಬಿಡುತ್ತಾನೆ. 363 ಅಡಿ ಉದ್ದದ ಬೇಲಿ ಹೀಗೆ ಮೂರೇ ಅಡಿ ಸರಿದರೆ 1089 ಚದರ ಅಡಿ, ಅಂದರೆ ತಪ್ಪದೆ ಒಂದು ಗುಂಟೆ. ಬೇಲಿ ಎದ್ದು ಹೊಲ ಮೇಯುವುದನ್ನು ಬರೀ ಗಾದೆಯೆಂದುಕೊಂಡವರು ಲೆಕ್ಕ ಹಾಕಿ ನೋಡಿಲ್ಲ.

ಪ್ರತಿವಾದಿ ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತು ಕೇಳುತ್ತಾನೆ: “ಏನಣ್ಣ, ಬೇಲಿ ಈಚೀಗೆ ಬಂದಂಗದಲ್ಲ?”

“ಬಂದಿಲ್ಲ ಕಣಪ್ಪ, ಬೆಳ್ದದೆ.”

ಇದಕ್ಕೆ ಖಂಡನೆ ಯಾವ ತರ್ಕಶಾಸ್ತ್ರದಲ್ಲೂ ಸಿಗದು. ಸಾಕ್ಷಿ ಕೇಳಿದರೆ ಬೇಲಿಯ ಮೇಲೊಂದು ಓತಿಕ್ಯಾತ ತಲೆದೂಗುತ್ತದೆ, ಅದೂ ಇಬ್ಬರ ಮಾತಿಗೂ.

ದೇವರಾಜ ಅರಸರು ಇದೇ ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಕಾಲದ 1974ರ ಭೂಸುಧಾರಣೆ ಹೊಲದೊಡೆಯ ಯಾರೆಂಬುದನ್ನು ಇತ್ಯರ್ಥ ಮಾಡಿತು. ಒಡೆತನ ಎಲ್ಲಿಗೆ ಮುಗಿಯುತ್ತದೆಂಬ ಸೂಕ್ಷ್ಮವನ್ನು ಮಾತ್ರ ಕತ್ತಾಳೆಯೇ ಇಟ್ಟುಕೊಂಡಿದೆ.

ಕೊನೆಗೆ ಹದ್ದುಬಸ್ತಿಗೆ ಅರ್ಜಿ ಬೀಳುತ್ತದೆ. ಸರ್ವೆಯವರು ಬಂದು ನಕ್ಷೆ ಬಿಚ್ಚುತ್ತಾರೆ. ಬಾಂದುಕಲ್ಲು ಇರಬೇಕಾದ ಜಾಗ ಕತ್ತಾಳೆ ಮೆಳೆಯ ನಟ್ಟನಡುವೆ. ಕೈ ಹಾಕಿದವರಿಗೆ ಮುಳ್ಳು ಮಾತ್ರ ಸಿಗುತ್ತದೆ. “ಮೊದಲು ಬೇಲಿ ಕಡಿಸಿ, ಆಮೇಲೆ ಅಳೆಯೋಣ” ಎಂದು ಅವರು ನಕ್ಷೆ ಮಡಚುತ್ತಾರೆ. ಬೇಲಿ ನನ್ನದು, ನನ್ನದು ಎಂದು ಇಷ್ಟು ವರ್ಷ ಕಾದಾಡಿದವರಿಬ್ಬರೂ, ಕಡಿಯುವ ಕೂಲಿಯ ಮಾತು ಬಂದೊಡನೆ ಅದನ್ನು ಒಬ್ಬರಿಗೊಬ್ಬರು ಧಾರಾಳವಾಗಿ ಬಿಟ್ಟುಕೊಡುತ್ತಾರೆ.