ಬ್ಲಫ್‌ನಲ್ಲೊಂದು ಕೊಲೆ

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ‘ಶಿವನಸಮುದ್ರಕ್ಕೆ ಯಾವ ಬಸ್ಸು?’ ಎಂದು ಕೇಳಿ ನೋಡಿ. ‘ಬ್ಲಫ್‌ಗಾ ಸಾ?’ ಎಂದು ತಿದ್ದುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಡಿದಾದ ಬಂಡೆಯಂಚು ಎಂಬ ಅರ್ಥವೂ ಉಂಟು, ಬೊಗಳೆ ಎಂಬ ಅರ್ಥವೂ ಉಂಟು. ಪತ್ತೇದಾರಿ ಧಾರಾವಾಹಿ ಬರೆಯಬೇಕೆಂಬ ಹುಳ ನನ್ನ ತಲೆ ಹೊಕ್ಕಿದ್ದು ಅಲ್ಲೇ.

ಕೊಲೆಯನ್ನು ನಗುನಗುತ್ತಾ ತೋರಿಸುವ ಧಾರಾವಾಹಿಗಳ ಚಟ ನನಗೆ ಹತ್ತಿ ಕಾಲವಾಯಿತು. ರಕ್ತ ಒಂದು ಚಮಚಕ್ಕಿಂತ ಹೆಚ್ಚು ಕಾಣುವುದಿಲ್ಲ. ಅಳುವವರಿಲ್ಲ. ಹೆಣದ ಪಕ್ಕದ ಕೋಣೆಯಲ್ಲೇ ಟೀ, ಬಿಸ್ಕತ್ತು. ಈ ವಂಶದ ಮನೆದೇವರು ‘ಮರ್ಡರ್, ಶಿ ರೋಟ್’. 1984ರಿಂದ 1996ರವರೆಗೆ 12 ಸೀಸನ್ನು, 264 ಕಂತು. ಏಂಜೆಲಾ ಲ್ಯಾನ್ಸ್‌ಬರಿ ಮಾಡಿದ ಜೆಸಿಕಾ ಫ್ಲೆಚರ್ ಕಾಬಟ್ ಕೋವ್ ಎಂಬ ಪುಟ್ಟ ಊರಿನ ವಿಧವೆ, ಕಾದಂಬರಿಗಾರ್ತಿ. ಆಕೆ ಮದುವೆಗೆ ಹೋದರೂ ಹೆಣ, ನೆಂಟರ ಮನೆಗೆ ಹೋದರೂ ಹೆಣ, ಸುಮ್ಮನೆ ಊರಲ್ಲೇ ಇದ್ದರಂತೂ ಹೆಣವೇ ಹೆಣ.

ಕೊಲೆಗಳನ್ನು ನಾನು ನಂಬಬಲ್ಲೆ. ನಂಬಲಾಗದ್ದು ಊರಿನವರನ್ನು. 12 ವರ್ಷದಲ್ಲಿ ಒಬ್ಬರಾದರೂ ‘ಆಯಮ್ನ ಕಾಲ್ಗುಣ ಸರಿಯಿಲ್ಲ’ ಅನ್ನಲಿಲ್ಲ. ಒಂದು ಶಾಂತಿ ಹೋಮ ಆಗಲಿಲ್ಲ. ಊರಬಾಗಿಲಿಗೆ ಒಂದು ನಿಂಬೆಹಣ್ಣು ಕಟ್ಟಲಿಲ್ಲ. ನಮ್ಮ ಕಡೆ ಎರಡನೇ ಹೆಣಕ್ಕೇ ಮದುವೆ ಕರೆಯೋಲೆ ಬರುವುದು ನಿಂತು, ಮೂರನೆಯದಕ್ಕೆ ಆಕೆಯ ಬೀದಿಯ ಸೈಟುಗಳ ರೇಟು ಬಿದ್ದಿರುತ್ತಿತ್ತು. ನಮ್ಮ ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರ ಪುರುಷೋತ್ತಮನಿಗಾದರೆ ಪತ್ತೇದಾರಿಕೆಯೇ ಕಸುಬು, ಹೆಣ ಇದ್ದ ಕಡೆ ಅವನು ಹೋಗುತ್ತಿದ್ದ. ಈಕೆ ಹೋದ ಕಡೆ ಹೆಣ ಬರುತ್ತದೆ.

ಇರಲಿ, ನನ್ನ ಕತೆಗೆ ಬರೋಣ. ಇಂಥ ಕತೆಗೆ ಮೊದಲು ಬೇಕಾದದ್ದು ಯಾರೂ ಒಳಬರಲಾಗದ, ಯಾರೂ ಹೊರಹೋಗಲಾಗದ ಒಂದು ಜಾಗ. ಶಿವನಸಮುದ್ರ ನಡುಗಡ್ಡೆಯೇ. ಕಾವೇರಿ ಎರಡು ಕವಲಾಗಿ ಒಂದು ಗಗನಚುಕ್ಕಿಯಲ್ಲಿ, ಇನ್ನೊಂದು ಭರಚುಕ್ಕಿಯಲ್ಲಿ ಬೀಳುತ್ತಾಳೆ. ಅಲ್ಲಿಗೆ ರಾಮಸ್ವಾಮಿ ಮೊದಲಿಯಾರ್ ಎಂಬುವರು 19ನೇ ಶತಮಾನದಲ್ಲಿ ಕಲ್ಲಿನ ಸೇತುವೆ ಕಟ್ಟಿಸಿ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಪಡೆದರು. ಧಾರಾವಾಹಿಯ ನಿಯಮದಂತೆ ಮಳೆಯ ರಾತ್ರಿ ಸೇತುವೆ ಮುಳುಗಬೇಕು, ನಡುಗಡ್ಡೆಯಲ್ಲಿ ಎಂಟು ಜನ ಮಾತ್ರ ಉಳಿಯಬೇಕು. ಎಂಟು ಜನ! ಸೇತುವೆ ಮುಳುಗಿದೆ ಎಂದು ಗೊತ್ತಾದರೆ ಅದನ್ನು ನೋಡಲೆಂದೇ ಮದ್ದೂರಿಂದ ಎಂಟು ನೂರು ಜನ ಬೈಕಿನಲ್ಲಿ ಬಂದು, ಎಂಟೂ ಆರೋಪಿಗಳ ಜತೆ ಸೆಲ್ಫಿ ತೆಗೆದುಕೊಂಡಿರುತ್ತಾರೆ.

ಎರಡನೆಯದು, ದೀಪ ಆರುವುದು. ಹಾಲ್‌ನಲ್ಲಿ ಎಲ್ಲರೂ ಕೂತಿರುತ್ತಾರೆ, ಕರೆಂಟು ಹೋಗುತ್ತದೆ, ಕಿಟಾರನೆ ಕಿರುಚು, ಕರೆಂಟು ಬರುತ್ತದೆ, ಕಾರ್ಪೆಟ್ಟಿನ ಮೇಲೆ ಹೆಣ. ಎಲ್ಲ ಅರ್ಧ ನಿಮಿಷದಲ್ಲಿ. ಶಿವನಸಮುದ್ರದ ವಿದ್ಯುದಾಗಾರದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಕರೆಂಟು ಹೋಯಿತು. ಹೋಗುವುದರಲ್ಲಿ ನಮ್ಮ ಕರೆಂಟಿಗೆ ಅಂದಿನಿಂದಲೂ ಅನುಭವ ಇದೆ. ಅರ್ಧ ನಿಮಿಷಕ್ಕೆ ವಾಪಸು ಬರುವ ಅಭ್ಯಾಸ ಮಾತ್ರ ಇಲ್ಲ. ಹಳ್ಳಿಯಲ್ಲಿ ಸಂಜೆ ಹೋದರೆ ಕೊಲೆಗಾರ ಕೆಲಸ ಮುಗಿಸಿ, ಸ್ನಾನ ಮಾಡಿ, ಮುದ್ದೆ ಉಂಡು, ಲೈನ್‌ಮನ್‌ಗೆ ತಾನೇ ಫೋನ್ ಮಾಡಬಹುದು.

ಹೆಣವನ್ನು ಜಲಪಾತಕ್ಕೆ ತಳ್ಳಿಸೋಣ ಎಂದುಕೊಂಡೆ. ಶೂಟಿಂಗ್ ಏಪ್ರಿಲ್‌ನಲ್ಲಿ. ಆಗ ಗಗನಚುಕ್ಕಿಯಲ್ಲಿ ಕಾಣುವುದು ಕರಿಬಂಡೆ, ಅದರ ಮೇಲೆ ಜನಿವಾರದಂಥ ಒಂದೆರಡು ಎಳೆ ನೀರು. ತಳ್ಳಿದ ಹೆಣ ಎಲ್ಲೂ ಕೊಚ್ಚಿಹೋಗುವುದಿಲ್ಲ, ಎದುರಿನ ವೀಕ್ಷಣಾ ಕಟ್ಟೆಗೆ ಚೆನ್ನಾಗಿ ಕಾಣುವ ಹಾಗೆ ಬಿಸಿಲು ಕಾಯಿಸುತ್ತಾ ಮಲಗಿರುತ್ತದೆ. ಮಳೆಗಾಲಕ್ಕೆ ಕಾದರೆ ಇನ್ನೊಂದು ಪೀಕಲಾಟ. ಗಗನಚುಕ್ಕಿ ಮಂಡ್ಯ ಜಿಲ್ಲೆ, ಭರಚುಕ್ಕಿ ಚಾಮರಾಜನಗರ ಜಿಲ್ಲೆ, ಕೆಳಗೆ ಎರಡೂ ಕವಲು ಮತ್ತೆ ಒಂದೇ ಹೊಳೆ. ಅಲ್ಲಿ ತೇಲಿದ ಹೆಣ ಯಾರದು? ದೂರು ಯಾವ ಠಾಣೆಗೆ ಹೋದರೂ ಬರೆದುಕೊಳ್ಳಬೇಕು, ಆಮೇಲೆ ವರ್ಗಾಯಿಸಬಹುದು ಎಂದು ಕಾನೂನು ಹೇಳುತ್ತದೆ. ಕಾನೂನು ಹೇಳಿದ್ದನ್ನು ಠಾಣೆ ಕೇಳಿಸಿಕೊಳ್ಳುವಷ್ಟರಲ್ಲಿ ನನ್ನ ಮೊದಲ ಸೀಸನ್ ಮುಗಿದಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಏಟು ಕ್ಲೈಮ್ಯಾಕ್ಸಿಗೆ. ಆರೋಪಿಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಪತ್ತೇದಾರ ಹತ್ತು ನಿಮಿಷ ಪ್ರವಚನ ಕೊಡುತ್ತಾನೆ. ಕೊಲೆಗಾರ ಎದ್ದು ನಿಂತು ‘ಹೌದು, ನಾನೇ! ಅವನು ಸಾಯಲೇಬೇಕಿತ್ತು!’ ಎನ್ನುತ್ತಾನೆ. ಇನ್‌ಸ್ಪೆಕ್ಟರು ಕೋಳ ತೊಡಿಸುತ್ತಾರೆ. ಮಳವಳ್ಳಿಯ ಒಬ್ಬ ವಕೀಲರಿಗೆ ಇದನ್ನು ಓದಿ ಹೇಳಿದೆ. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಪೊಲೀಸ್ ಅಧಿಕಾರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಅದೇ ಮಾತು 23ನೇ ಸೆಕ್ಷನ್ ಆಗಿ ಕೂತಿದೆ. ‘ಅವನು ತೋರಿಸಿದ ಜಾಗದಲ್ಲಿ ಮಚ್ಚು ಸಿಕ್ಕಿದ್ರೆ ಅಷ್ಟಕ್ಕೆ ಬೆಲೆ. ಈ ಡೈಲಾಗಿಗೆ ಜಾಮೀನು ನಾನೇ ಕೊಡಿಸ್ತೀನಿ’ ಎಂದರು. ಜೆಸಿಕಾ ಹಿಡಿದುಕೊಟ್ಟ ಎಷ್ಟು ಜನ ನಮ್ಮ ಕೋರ್ಟಿನಲ್ಲಿ ಖುಲಾಸೆ ಆಗುತ್ತಿದ್ದರೋ.

ನಮ್ಮ ಸಂಜೆಯ ಧಾರಾವಾಹಿಗಳು ತಪ್ಪೊಪ್ಪಿಗೆಯ ವಿಷಯದಲ್ಲಿ ಪ್ರಾಮಾಣಿಕ. ಅಲ್ಲಿ ರೇಷ್ಮೆ ಸೀರೆಯ ಅತ್ತೆ ವಿಷದ ಹಾಲನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಮಾತಾಡಿಕೊಂಡೇ ಬೆರೆಸುತ್ತಾಳೆ. ಯಾರು ಕೊಲೆಗಾರ ಎಂದು ಮೊದಲ ದಿನವೇ ಹೇಳಿ, ನೂರು ಕಂತು ಹಾಲನ್ನೇ ಚೆಲ್ಲುತ್ತಾರೆ.

ಕಡೆಗೆ ಕತೆಯನ್ನು ಗಗನಚುಕ್ಕಿಯ ಚುರುಮುರಿಯವನಿಗೆ ಹೇಳಿದೆ. ಅಪರೂಪದ ಅಂಚೆಚೀಟಿಗಾಗಿ ನಡೆದ ಕೊಲೆ, ಎಂಟು ಆರೋಪಿಗಳು, ಗಡಿಯಾರದೊಳಗೆ ಬಚ್ಚಿಟ್ಟ ಉಯಿಲು. ಅವನು ಈರುಳ್ಳಿ ಕೊಚ್ಚುತ್ತಲೇ ಕೇಳಿದ: ‘ಸತ್ತೋನ್ಗೆ ಜಮೀನು ಎಷ್ಟಿತ್ತು?’

‘ನಾಲ್ಕು ಎಕರೆ.’

‘ನಾಲೆ ನೀರ್ ಬತ್ತದಾ?’

‘ಬರುತ್ತೆ.’

‘ಪಾಣೀಲಿ ಯಾರ್ ಹೆಸ್ರೈತೆ?’

ಹೇಳಿದೆ. ಅಣ್ಣನ ಹೆಸರು.

‘ಅವ್ನೇ ಬುಡಿ ಸಾ’ ಎಂದು ಪೊಟ್ಟಣ ಕೈಗಿಟ್ಟ. ಚಿಲ್ಲರೆ ಎಣಿಸುತ್ತಾ, ‘ಹೆಣದ್ ಪಾರ್ಟಿಗೆ ಜನ ಸಿಕ್ಕವ್ರಾ? ನಮ್ ಭಾಮೈದ ಅವ್ನೆ. ದಿನಾ ಮನಗೇ ಇರ್ತಾನೆ.’